ಎದುರಿನವರ ಡಪ್ಪು

ಫೋನು ಬಂದಾಗ ನಾನು ಪಾಲಬಾವಿಯ ನಮ್ಮ ಒಡೆಯರ ಹೊಲದಲ್ಲಿ ಕಬ್ಬಿನ ಒಣಗಿದ ಎಲೆ, ರವದಿ, ಒಟ್ಟುತ್ತಿದ್ದೆ. ಅಥಣಿ ಕಡೆಯ ದ್ರಾಕ್ಷಿ ತೋಟದವರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ವಾಸ್ತುಶಾಂತಿಯ ದಿನ ಡಪ್ಪಿನ ಹಾಡಕಿ ಇಡಿಸಬೇಕೆಂದು ಅವರ ಮಗ ಮಾತಾಡುತ್ತಿದ್ದ. ಮೊದಲು ನಮ್ಮ ಎದುರು ಹಾಡುವ ಹರದೇಶಿ ಮೇಳದ ಮಾಸ್ತರರನ್ನು ಹೊಗಳಿದ.

"ಅವ್ರಂತೂ ಬೇಕ ಬೇಕ್ರಿ. ಏನ್ ಅನುಭವ ಅವ್ರದು, ಏನ್ ವಯಸ್ಸು!"

ಆಮೇಲೆ, "ಅಕ್ಕಾರ, ಒಂದ್ ಮಾತ ಐತ್ರಿ. ನಿಮ್ಮ ಕೈಯಾಗ ಕಲ್ತಾಳಲ್ಲ ಆ ಹುಡುಗಿ, ಮೊಬೈಲ್‌ನ್ಯಾಗ ಬಂದಿತ್ತಲ್ಲ, ಈ ಸಲ ಅಕೀನ ಡಪ್ಪ ಹಿಡೀಲಿ. ನೀವು ಹಿಂದ ನಿಂತು ತಾಳ ಹಾಕ್ರಿ. ನಿಮಗೂ ತ್ರಾಸ ಕಡಿಮಿ ಆಗತೈತಿ" ಅಂದ.

ನನ್ನ ತ್ರಾಸಿನ ಬಗ್ಗೆ ಅವನಿಗೆ ಎಷ್ಟು ಕಾಳಜಿ ನೋಡಿ. ಮಾಸ್ತರರು ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಅವರ ವಯಸ್ಸಿಗೆ ಅನುಭವ ಅನ್ನುತ್ತಾರೆ, ನನ್ನ ವಯಸ್ಸಿಗೆ ತ್ರಾಸು ಅನ್ನುತ್ತಾರೆ. "ಆತಪಾ, ಹಂಗ ಆಗಲಿ" ಎಂದು ಫೋನು ಇಟ್ಟು ರವದಿಯನ್ನು ಇನ್ನಷ್ಟು ಸಿಟ್ಟಿನಿಂದ ಎಳೆದೆ.

ಹಾಡಕಿ ಕೇಳದವರಿಗೆ ಇಷ್ಟು ಹೇಳಬೇಕು. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು. ನಮ್ಮದು ನಾಗೇಶಿ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಮುಂದೆ ಡಪ್ಪು ಬಡಿದು ಹಾಡುವವರೇ ಮೇಳಕ್ಕೆ ಯಜಮಾನರು. ಒಂಟಿ ತಂತಿಯ ತುಂತುಣಿ ಮೀಟುವವರು, ತಾಳದವರು ಹಿಂದೆ ನಿಂತು 'ಗೀಯ ಗೀಯ' ಎಂದು ದನಿ ಎಳೆಯುತ್ತಾರೆ. ನಾಗೇಶಿಯ ಡಪ್ಪಿಗೆ ಕಲ್ಗಿ, ಹರದೇಶಿಯ ಡಪ್ಪಿಗೆ ತುರಾಯಿ ಕಟ್ಟಿರುತ್ತದೆ. ನೋಡಲು ಎರಡೂ ಬಣ್ಣದ ನೂಲಿನ ಗೊಂಡೆಗಳೇ. ಜವಾಬು ಬರದೆ ನಿಂತವರು ತಮ್ಮ ಗೊಂಡೆ ಬಿಚ್ಚಿ ಎದುರಿನವರ ಕೈಗೆ ಕೊಡಬೇಕು. ಈಗ ಎಷ್ಟೋ ಮೇಳದವರು ಈ ರೂಢಿ ಬಿಟ್ಟಿದ್ದಾರೆ, ನಾವು ಬಿಟ್ಟಿಲ್ಲ. ನನ್ನ ಕಲ್ಗಿಯನ್ನು ನನಗೆ ಹಾಡು ಕಲಿಸಿದವರು ತಮ್ಮ ಕೈಯಾರೆ ಕಟ್ಟಿದ್ದರು. ಅದನ್ನು ಬಿಚ್ಚುವ ಪ್ರಸಂಗ ನನಗೆ ಒಮ್ಮೆಯೂ ಬಂದಿರಲಿಲ್ಲ.

ತಾಳ ಹಾಕುವುದು ಕೀಳು ಕೆಲಸ ಅಂತ ನಾನು ಹೇಳುವುದಿಲ್ಲ. ಆದರೆ ಡಪ್ಪು ಬಿಟ್ಟು ಒಮ್ಮೆ ಹಿಂದೆ ನಿಂತ ಹೆಣ್ಣುಮಗಳನ್ನು ಮತ್ತೆ ಮುಂದೆ ಕರೆದ ಊರನ್ನು ನಾನು ಕಂಡಿಲ್ಲ. ಹಾಡಲು ಕರೆದು ಹೋದ ವರ್ಷ ನನಗೆ ಕೊಟ್ಟ ವೀಳ್ಯಗಳೆಲ್ಲ ಈ ವರ್ಷ ಹುಡುಗಿಯ ಹೆಸರು ಹಿಡಿದು ಬರುತ್ತಿದ್ದವು. ಅಥಣಿಯ ಈ ಹಾಡಕಿಯಲ್ಲಿ ಹಿಂದೆ ನಿಂತರೆ ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದು ನನಗೆ ಗೊತ್ತಿತ್ತು.

ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತೇ? ಇತ್ತು. ಸುಳ್ಳು ಯಾಕೆ ಹೇಳಲಿ. ಆದರೆ ಅವಳು ಬರೀ ಚಂದ ಇದ್ದಾಳೆ ಅಂತ ಮುಂದೆ ಬಂದಳು ಅಂದರೆ ಅದೂ ಸುಳ್ಳು. ಚಿಂಚಲಿಯ ಬಡವರ ಮನೆಯ ಮಗಳು, ಸಾಲೆಗೆ ಹೋಗುವಾಗಿನಿಂದ ನನ್ನ ಅಂಗಳದಲ್ಲಿ ಕೂತು ಕಲಿತವಳು, ಈಗ ರಾಯಬಾಗದ ಕಾಲೇಜಿಗೆ ಹೋಗುತ್ತಾಳೆ. ನನಗೆ ಮಾವಶಿ, ಚಿಕ್ಕಮ್ಮ, ಅನ್ನುತ್ತಾಳೆ. ಹಳದಿ ಸೀರೆ ಉಟ್ಟು ಹಾಡಿದ ಅರ್ಧ ನುಡಿಯನ್ನು ಯಾರೋ ಮೊಬೈಲಿನಲ್ಲಿ ಹಾಕಿದ ಮೇಲೆ ಅವಳ ಹೆಸರು ನಿಪ್ಪಾಣಿಯವರೆಗೂ ಹೋಯಿತು. ನಾನು ಅವಳನ್ನು ಚುಡಾಯಿಸುತ್ತಿದ್ದೆ, ದೊಡ್ಡ ಮನುಷ್ಯಳಾಗಿಬಿಟ್ಟೆಯಲ್ಲ ಅಂತ. ಒಂದು ದಿನ ಅವಳು ನಗಲಿಲ್ಲ.

"ಹಾಡಿ ಕೆಳಗ ಇಳಿದ್ರ ಮಂದಿ ನಂಬರ್ ಕೇಳ್ತಾರ ಮಾವಶಿ. ಯಾ ಪದಾ ಹಾಡಿದಿ ಅಂತ ಒಬ್ಬರೂ ಕೇಳೂದಿಲ್ಲ" ಅಂದಳು.

ನನ್ನನ್ನು ನೋಡುವುದನ್ನೇ ಬಿಟ್ಟಿದ್ದಾರೆ, ಅವಳನ್ನು ಬರೀ ನೋಡುತ್ತಿದ್ದಾರೆ. ಕೇಳುವವರು ಯಾರು?

ತಾಲೀಮು ಶುರುವಾಯಿತು. ನಮ್ಮ ಮೇಳದ ತುಂತುಣಿ ಕಾಕಾ ಅವಳ ದನಿಗೆ ತಕ್ಕಂತೆ ತಂತಿಯನ್ನು ಬಿಗಿ ಮಾಡಿದ. ಆ ಎತ್ತರಕ್ಕೆ ನಾನು ಹಿಂದಿನಿಂದ 'ಗೀಯ' ಎಳೆದರೆ ನಡುವೆಯೇ ದನಿ ಒಡೆಯುತ್ತಿತ್ತು. ಎರಡು ವರ್ಷಗಳಿಂದ ಎತ್ತರಕ್ಕೆ ಹೋದಾಗೆಲ್ಲ ಹೀಗೇ ಆಗುತ್ತಿತ್ತು. ನಾನು ಕಷಾಯ ಕುಡಿದೆ, ತಣ್ಣೀರು ಬಿಟ್ಟೆ, ಯಾರಿಗೂ ಹೇಳಲಿಲ್ಲ.

ಮಾಸ್ತರರ ಸವಾಲುಗಳನ್ನೆಲ್ಲ ಒಂದೊಂದಾಗಿ ತೆಗೆದು ಅವಳಿಗೆ ಹಾಕಿದೆ. ಎದುರಿನವರ ಪದಗಳು ನಮಗೆ ಬಾಯಿಪಾಠ ಇರಲೇಬೇಕು, ಇಲ್ಲದಿದ್ದರೆ ಜವಾಬು ಕಟ್ಟುವುದು ಹೇಗೆ? ಕೊನೆಗೆ ಅವರ ಹೆಸರಾದ ಸವಾಲಿಗೆ ಬಂದೆವು.

ಅರಳಿದ ಹೂವ ನೋಡಿ ಮರುಳಾಗಿ ಬರತೈತಿ ಜಗವೆಲ್ಲಾ,
ಉರುಳಿ ನೆಲಕ ಬಿದ್ದ ಮ್ಯಾಲ ಹೊರಳಿ ನೋಡವರ ಯಾರಿಲ್ಲಾ.
ಕರಿಜಾಲಿ ಬೊಡ್ಡಿ ನೋಡ, ವರುಷ ಏರಿದಂಗ ಗಟ್ಟಿ,
ಹರೆಯ ಹೋದ ಹೆಣ್ಣಿಗೇನೈತಿ, ಹೇಳ ನಾಗೇಶಿ ಎದಿ ತಟ್ಟಿ.

ಹೆಣ್ಣು ಹೂವು, ಗಂಡು ಜಾಲಿ ಮರದ ಬೊಡ್ಡೆ, ಇಷ್ಟೇ ಅದರ ಅರ್ಥ. ನನ್ನ ಹರೆಯದಲ್ಲಿ ಮಾಸ್ತರರು ಇದನ್ನು ನನ್ನ ಮೇಲೆ ಹಾಕಿದಾಗ ನಾನು ಕಟ್ಟಿದ ಜವಾಬು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಡಪ್ಪು ನಿಲ್ಲಿಸಿ, ಕೇಳಲು ಕೂತವರಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸನ್ನು ಹುಡುಕುತ್ತಿದ್ದೆ. ಅವಳ ಕೈ ಹಿಡಿದು ನಡುವೆ ಕರೆತಂದು ನಿಲ್ಲಿಸಿ ಹಾಡುತ್ತಿದ್ದೆ.

ಉದುರಿದ ಹೂವಿನ ಜಾಗಾಕ ಬಂದ ಹಣ್ಣ ನೋಡ ಹರದೇಶಿ,
ಮುದುಕಿ ನಿಂತಾಳ ನಿನ್ನ ಮುಂದ, ಕೇಳ ಅಕಿನ್ನ ನಮಸ್ಕರಿಸಿ.

ಆ ಅಜ್ಜಿ ನಾಚಿಕೊಂಡು ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಮಾಸ್ತರರು ಆಟ ಬಿಟ್ಟು ಅವಳ ಕಾಲಿಗೆ ಎರಗುತ್ತಿದ್ದರು. ಜನ ಎದ್ದು ನಿಂತು ಸಿಳ್ಳೆ ಹೊಡೆಯುತ್ತಿದ್ದರು. ಹುಡುಗಿ ಇದನ್ನು ಒಂದೇ ಸಂಜೆಯಲ್ಲಿ ಕಲಿತಳು. ನಮ್ಮ ಓಣಿಯ ಅಜ್ಜಿಯರನ್ನೆಲ್ಲ ಒಬ್ಬೊಬ್ಬರಾಗಿ ಎಳೆತಂದು ನಿಲ್ಲಿಸಿ ರೂಢಿ ಮಾಡಿಕೊಂಡಳು.

ವಾಸ್ತುಶಾಂತಿಯ ದಿನ ಬೆಳಿಗ್ಗೆಯೇ ಟಂಟಂ ಗಾಡಿಯಲ್ಲಿ ಹೊರಟೆವು. ಹೊಸ ಮನೆಯ ಮಗ್ಗುಲಲ್ಲಿ ದ್ರಾಕ್ಷಿ ಒಣಗಿಸಿ ಮನುಕ ಮಾಡುವ ದೊಡ್ಡ ಶೆಡ್ಡು ಇತ್ತು. ಸುಗ್ಗಿ ಮುಗಿದು ಖಾಲಿಯಾಗಿತ್ತು. ಅದರ ಹಸಿರು ಜಾಳಿಗೆಯ ನೆರಳಿನಲ್ಲಿ ಜಮಖಾನೆ ಹಾಸಿ, ಮೈಕು ನಿಲ್ಲಿಸಿದ್ದರು. ಪೂಜೆ ಮುಗಿದು ಊಟದ ಪಂಕ್ತಿ ನಡೆದಿತ್ತು. ಹಿಂದೆ ಒಲೆಯ ಹತ್ತಿರ ಹುಡುಗಿ ನನ್ನ ಕಲ್ಗಿಯ ಡಪ್ಪು ಕಾಯಿಸುತ್ತಿದ್ದಳು. ಚರ್ಮ ಬಿಸಿಯಾಗಿ ಬಿಗಿದುಕೊಂಡರೆ ಮಾತ್ರ ಡಪ್ಪು ಮಾತಾಡುತ್ತದೆ. ಗಂಡಸರೆಲ್ಲ ಊಟ ಮುಗಿಸಿ ಬಂದು ಮುಂದೆ ಜಾಗ ಹಿಡಿದರು. ಮೊಬೈಲುಗಳು ಆಗಲೇ ಕೈಯಲ್ಲಿದ್ದವು.

ಮಾಸ್ತರರು ಬಂದರು. ಬಿಸಿಲಲ್ಲೂ ಕೊರಳಿಗೆ ಮಫ್ಲರ್ ಸುತ್ತಿದ್ದರು. ನಾನು ನಮಸ್ಕಾರ ಅಂದೆ. ಅವರ ಬಾಯಿ ಆಡಿತು, ದನಿ ಬರಲಿಲ್ಲ. ಮೇಲಿಂದ ಮೇಲೆ ಹಾಡಕಿ, ಮೇಲೆ ಧೂಳು. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಗಾಡಿಯಲ್ಲಿ ಬರುವಾಗ ಸರಿಯಾದೀತು ಅಂದುಕೊಂಡಿದ್ದರಂತೆ.

ಮನೆ ಯಜಮಾನರ ಮಗನ ಮುಖ ಕಪ್ಪಿಟ್ಟಿತು. ಮಾಸ್ತರರ ತುಂತುಣಿಯವನನ್ನು, ನೀನೇ ಹಾಡುತ್ತೀಯಾ ಎಂದು ಕೇಳಿದ. "ನಾವು ಗೀಯ ಗೀಯ ಅನ್ನಾವ್ರ ಸಾವಕಾರ್ರ, ಪದಾ ಎತ್ತಾಕ ನಮಗ ಆಗೂದಿಲ್ಲ" ಅಂದ ಅವನು. ಎದುರು ಮೇಳವಿಲ್ಲದೆ ಹಾಡಕಿ ಇಲ್ಲ. ಬೀಗರೆಲ್ಲ ಬಂದು ಕೂತಿದ್ದಾರೆ. ಯಾರೋ ಒಬ್ಬರು ಡಿಜೆ ತರಿಸೋಣ ಅಂದರು.

ಆಗ ಮಾಸ್ತರರು ತಮ್ಮ ಡಪ್ಪನ್ನು ಚೀಲದಿಂದ ತೆಗೆದು ನನ್ನ ಮುಂದೆ ಹಿಡಿದರು. ಪಿಸುದನಿಯಲ್ಲಿ, "ನನ್ನ ಪದಾ ಎಲ್ಲಾ ನಿನಗ ಬರತಾವಲ್ಲ, ಹಿಡಿ" ಅಂದರು.

ನಮ್ಮ ತುಂತುಣಿ ಕಾಕಾ ಎದ್ದು ನಿಂತ. "ಏನ್ ಹಚ್ಚೀರಿ? ನಾಗೇಶಿ ಹೆಣಮಗಳು ತುರಾಯಿ ಹಿಡಿಯೂದಾ? ನಾಳೆ ನಮ್ಮ ಬಾಯಾಗ ಮಂದಿ ಮಣ್ಣ ಹಾಕ್ತಾರ."

"ಮಂದಿ ಈಗ ಏನ್ ಬೆಲ್ಲಾ ಹಾಕಾಕತ್ತಾರನು ಕಾಕಾ?" ಅಂದೆ.

ಹುಡುಗಿಯನ್ನು ನೋಡಿದೆ. ಡಪ್ಪನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. "ಹಿಡೀರಿ ಮಾವಶಿ. ಇಲ್ಲಾಂದ್ರ ಎಲ್ಲಾರೂ ಹೊಳ್ಳಿ ಹೋಗಬೇಕಾಗತೈತಿ" ಅಂದಳು.

ನಾನು ಹಿಡಿದೆ. ಹಾಡಕಿ ಉಳಿಸಲು ಹಿಡಿದೆ ಎಂದು ಅಲ್ಲಿ ಹೇಳಿದೆ. ನಿಜ ಹೇಳಬೇಕೆಂದರೆ ಹಿಂದೆ ನಿಂತು ತಾಳ ಹಾಕುವುದಕ್ಕಿಂತ ಎದುರಿಗೆ ನಿಂತು ಹೆಣ್ಣುಜಾತಿಯನ್ನು ಬೈಯುವುದೂ ವಾಸಿ ಅನ್ನಿಸಿತ್ತು.

ಮಾಸ್ತರರ ಡಪ್ಪು ನನ್ನದಕ್ಕಿಂತ ಅಗಲ, ಭಾರ. ಹೆಬ್ಬೆರಳಿನ ಹಿಡಿತಕ್ಕೆ ಸಿಗಲಿಲ್ಲ. ಅವರ ತುಂತುಣಿಯವನು ಗಂಡು ದನಿಗೆ ತಂತಿ ಇಟ್ಟಿದ್ದ. ಸ್ವಲ್ಪ ಏರಿಸು ಎಂದೆ. "ಇದು ಹಳೇ ತಂತಿ ಅಕ್ಕಾರ, ಹರದು ಹೊಕ್ಕೈತಿ" ಅಂದ. ಸರಿ, ಇದ್ದಲ್ಲೇ ಹಾಡಿದರಾಯಿತು ಎಂದು ಸ್ತುತಿ ಎತ್ತಿದೆ.

ಆಗ ಒಂದು ವಿಚಿತ್ರವಾಯಿತು. ದನಿ ಒಡೆಯಲಿಲ್ಲ. ಕೆಳಗಿನ ಆ ಗಂಡು ಮಟ್ಟದಲ್ಲಿ ನನ್ನ ದನಿ ಹಾಸಿಗೆ ಸಿಕ್ಕಂತೆ ಮೈಚಾಚಿ ಕೂತಿತು. ವಯಸ್ಸು ಅದನ್ನು ಕೆಳಗೆ ಇಳಿಸಿತ್ತು, ಕೆಡಿಸಿರಲಿಲ್ಲ. ಎರಡು ವರ್ಷದಿಂದ ಹುಡುಗಿಯ ಎತ್ತರಕ್ಕೆ ಏಣಿ ಹಾಕುತ್ತ ನನ್ನ ಗಂಟಲನ್ನು ನಾನೇ ಹರಿದುಕೊಳ್ಳುತ್ತಿದ್ದೆ. ಹೆಣ್ಣು ಹಾಡಿದರೆ ಅಷ್ಟು ಎತ್ತರದಲ್ಲೇ ಹಾಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ, ಬೇಡ ಎಂದೂ ಯಾರೂ ಹೇಳಿರಲಿಲ್ಲ.

ಹುಡುಗಿ ಚಂದ ಹಾಡಿದಳು. ಭೂಮಿ ಹೆಣ್ಣೋ ಗಂಡೋ ಎಂದು ಕೇಳಿದಳು. ಬೀಜವಿಲ್ಲದ ಭೂಮಿ ಬೀಳು ಎಂದೆ. ಹೊಳೆ ಯಾವುದು ಎಂದಳು. ದಂಡೆ ಕಟ್ಟಿ ನಿಲ್ಲಿಸಿದವನು ಯಾರು ಎಂದೆ. ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಯಾವ ಮಾತಿನ ಮೇಲೆ ಡಪ್ಪು ತಡೆಯುತ್ತಾಳೆ, ನನಗೆ ಗೊತ್ತು, ಕಲಿಸಿದವಳು ನಾನೇ. ಆ ಜಾಗದಲ್ಲೇ ನುಗ್ಗುತ್ತಿದ್ದೆ. ಮೊದಲು ಅವಳ ಕಡೆ ತಿರುಗಿದ್ದ ಮೊಬೈಲುಗಳು ನಿಧಾನಕ್ಕೆ ನನ್ನ ಕಡೆ ತಿರುಗಿದವು. ಗಂಡಸರು ತೊಡೆ ತಟ್ಟಿ ನಗುತ್ತಿದ್ದರು. ಇಷ್ಟು ವರ್ಷ ಹೆಣ್ಣಿನ ಪರವಾಗಿ ಹಾಡುವಾಗ ಬಾರದ ಚಪ್ಪಾಳೆ ಅಂದು ಬಂತು. ನನಗೆ ಅದು ಬೇಕಾಗಿತ್ತು. ಹಸಿದವಳ ಹಾಗೆ ತೆಗೆದುಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದ ಮಾಸ್ತರರು ಕೈ ಎತ್ತಿ ಬೆರಳುಗಳನ್ನು ಹೂವಿನಂತೆ ಅರಳಿಸಿ ಮುದುಡಿ ತೋರಿಸಿದರು. ಬಾಡಿದ ಹೂವಿನದು ಹಾಡು ಎಂದು. ನನ್ನ ಹತ್ತಿರ ಬೇರೆ ಸವಾಲು ಇರಲಿಲ್ಲವೇ? ಇದ್ದವು. ಎಲ್ಲರ ಕಣ್ಣೆದುರು ಕೂದಲು ಬೆಳ್ಳಗಾದ ಹೆಣ್ಣು, ಹರೆಯ ಹೋದ ಹೆಣ್ಣಿಗೇನಿದೆ ಎಂದು ಕೇಳುವುದು ಎಷ್ಟು ನಗೆಪಾಟಲು ಎಂದು ಒಂದು ಗಳಿಗೆ ಅನ್ನಿಸಿತು ಕೂಡ. ಆದರೆ ಅದಕ್ಕೆ ಜವಾಬು ಹುಡುಗಿಗೆ ಬರುತ್ತದಲ್ಲ, ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸುತ್ತಾಳೆ, ಜನ ಸಿಳ್ಳೆ ಹೊಡೆಯುತ್ತಾರೆ, ಮಂಗಳಾರತಿ ಹಾಡಿ ಮುಗಿಸಿದರಾಯಿತು. ಹಾಗೆ ಲೆಕ್ಕ ಹಾಕಿ ಡಪ್ಪಿಗೆ ಪೆಟ್ಟು ಕೊಟ್ಟು ಸವಾಲು ಎತ್ತಿದೆ.

ಕೊನೆಯ ಸಾಲಿಗೆ ಶೆಡ್ಡೇ ಹಾರಿಹೋಗುವಷ್ಟು ಕೇಕೆ. ನಾನು ಡಪ್ಪು ಇಳಿಸಿ ನಿಂತೆ.

ಹುಡುಗಿ ಡಪ್ಪು ನಿಲ್ಲಿಸಿ ಮುಂದಿನ ಸಾಲು ನೋಡಿದಳು. ಎಲ್ಲ ಗಂಡಸರು. ಮಗ್ಗುಲಿನ ಜಮಖಾನೆ ನೋಡಿದಳು. ಹೆಂಗಸರ ಪಂಕ್ತಿ ಆಗಷ್ಟೇ ಕೂತಿತ್ತು, ಎಲ್ಲರೂ ಒಳಗೆ ಊಟಕ್ಕೆ ಹೋಗಿದ್ದರು. ಮನೆ ಯಜಮಾನರ ತಾಯಿ ಆಯಾಸವಾಗಿ ಒಳಗೆ ಮಲಗಿದ್ದರು. ಅವಳ ಕಣ್ಣು ಸುತ್ತಿ ಸುತ್ತಿ ನನ್ನ ಮೇಲೆ ಬಂದು ನಿಂತಿತು. ಆಮೇಲೆ ನೆಲ ನೋಡಿದಳು.

ಕಾಕಾ ಹಿಂದಿನಿಂದ 'ಗೀಯ' ಎಂದು ಎಳೆದು ಅವಳಿಗೆ ವೇಳೆ ಕೊಟ್ಟ. ಮತ್ತೊಮ್ಮೆ ಎಳೆದ. ಅವಳು ಬಾಯಿ ಬಿಡಲಿಲ್ಲ. ಮರೆತಿದ್ದಾಳೆ, ಹುಡುಗಿ ಗಾಬರಿಬಿದ್ದಿದ್ದಾಳೆ ಅಂದುಕೊಂಡೆ. ತುಟಿಯಲ್ಲೇ 'ಉದುರಿದ ಹೂವಿನ' ಎಂದು ಎತ್ತಿಕೊಟ್ಟೆ. ಅವಳು ತಲೆ ಅಲ್ಲಾಡಿಸಿದಳು. ಮುಂದೆ ಕೂತ ಒಬ್ಬ, "ಕಲ್ಗಿ ಬಿಚ್ಚ ತಂಗಿ!" ಎಂದು ಕೂಗಿದ. ಆಮೇಲೆ ಎಲ್ಲರೂ ಕೂಗಿದರು.

ಅವಳು ಗಂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡಳು. ಹಳೆಯ ಗಂಟು, ನನ್ನ ಗುರು ಹಾಕಿದ್ದು. ಕೊನೆಗೆ ಹಲ್ಲಿನಿಂದ ಬಿಚ್ಚಿದಳು. ಬಂದು ನನ್ನ ಕೈಯಲ್ಲಿ ಇಟ್ಟು ಕಾಲಿಗೆ ಬಿದ್ದಳು. ನನ್ನ ಕಲ್ಗಿಯನ್ನು ನಾನೇ ಗೆದ್ದುಕೊಂಡು ನಿಂತಿದ್ದೆ.

ಶಾಲು ಹೊದಿಸಿದರು. ಫೋಟೋ ತೆಗೆದರು. ನನ್ನನ್ನು ಹಿಂದೆ ನಿಲ್ಲಲು ಹೇಳಿದ್ದ ಆ ಮಗ ಕೈ ಮುಗಿದು, "ಅಕ್ಕಾರ, ಭಾರೀ ಆತ್ರಿ! ಗಂಡಸರಂಗ ಹಾಡಿದ್ರಿ" ಅಂದ. ಅದು ಹೊಗಳಿಕೆ. ಅವನ ಮಟ್ಟಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಶೇಡಬಾಳದ ಅವರ ಬೀಗರು ಅಲ್ಲೇ ವೀಳ್ಯದೆಲೆ ಅಡಿಕೆ ನನ್ನ ಕೈಗಿಟ್ಟರು. "ನಮ್ಮ ಊರಾಗೂ ಹಿಂಗ ಆಗಬೇಕ್ರಿ. ಹರದೇಶಿಗೆ ನೀವು, ನಾಗೇಶಿಗೆ ಈ ಹುಡುಗಿ." ಇಷ್ಟು ದಿನ ಕಾದಿದ್ದ ವೀಳ್ಯ. ನನ್ನ ಹೆಸರು ಹಿಡಿದು, ಮುಂದೆ ನಿಂತು ಹಾಡಲು ಬಂದದ್ದು. ತೆಗೆದುಕೊಂಡೆ. ಸೆರಗಿನ ತುದಿಗೆ ಕಟ್ಟಿಕೊಂಡೆ.

ಟಂಟಂ ಹೊರಟಿತು. ಕಾಕಾ ಮುಂದೆ ಡ್ರೈವರನ ಮಗ್ಗುಲಿಗೆ ಹೋಗಿ ಕೂತ. ನನ್ನೊಡನೆ ಮಾತು ಬಿಟ್ಟಿದ್ದ. ಹಿಂದೆ ನಾನು, ಹುಡುಗಿ, ನಡುವೆ ಎರಡು ಡಪ್ಪು. ಮಾಸ್ತರರು ತಮ್ಮ ಡಪ್ಪನ್ನು ನನ್ನ ಹತ್ತಿರವೇ ಬಿಟ್ಟಿದ್ದರು. ಇಕ್ಕೆಲದ ಕಬ್ಬಿನ ಮೇಲೆ ಸಂಜೆಯ ಬಿಸಿಲು ಇನ್ನೂ ಇತ್ತು.

ಒಳಗೊಳಗೇ ಕುದಿಯುತ್ತಿದ್ದೆ. ಸೋಲಿಸಿದ್ದು ನಾನೇ, ಅವಳು ಸೋತದ್ದಕ್ಕೆ ಸಿಟ್ಟೂ ನನಗೇ. "ಅಷ್ಟ ದಿನಾ ತಾಲೀಮ ಮಾಡಿಸಿದ್ದ ನೀರಾಗ ಹೋತು. ಓಣಿ ಮುದುಕ್ಯಾರನೆಲ್ಲಾ ಎಳದ್ಯಾಡಿದಿ, ಅಲ್ಲಿ ನೋಡಿದ್ರ ಎರಡ ಸಾಲ ಮರತ ನಿಂತಿ" ಅಂದೆ.

"ಮರತಿರಲಿಲ್ಲ."

"ಮತ್ತ? ಅಜ್ಜಿ ಒಬ್ಬಾಕಿನೂ ಕಾಣಲಿಲ್ಲಂದ್ರ ಒಳಗ ಹೋಗಿ ಕರಕೊಂಡ ಬರಬೇಕಿಲ್ಲೋ."

ಅವಳು ಬೆರಳಿನಿಂದ ಡಪ್ಪಿನ ಅಂಚಿನಲ್ಲಿ ಕಲ್ಗಿ ಕಟ್ಟುವ ತೂತನ್ನು ಸವರುತ್ತಿದ್ದಳು. "ಒಳಗ ಯಾಕ ಹೋಗಬೇಕ ಮಾವಶಿ? ನೀವ ನನ್ನ ಮುಂದ ನಿಂತಿದ್ರಿ."

ಟಂಟಂ ತಗ್ಗಿನಲ್ಲಿ ಎತ್ತಿಹಾಕಿತು. ನಾನು ಕಂಬಿ ಹಿಡಿದುಕೊಂಡೆ.

"ನಿಮ್ಮ ಕೈ ಹಿಡದ ಎರಡ ಸಾಲ ಅಂದಿದ್ರ ಸಾಕಿತ್ತು. ಹರೆಯ ಹೋದ ಹೆಣ್ಣಿಗೇನೈತಿ ಅಂತ ಕೇಳಾಕತ್ತಾಕಿನ ಯಾರು ನೋಡ್ರಿ ಅಂತ. ಇಡೀ ಹೊತ್ತ ಅವರನ್ನೆಲ್ಲಾ ಹಿಡದ ಕುಂದ್ರಿಸಿದ್ದು ಯಾರು ಅಂತ. ಅದಕಿಂತಾ ಚೊಲೋ ಜವಾಬ ಎಲ್ಲಿ ಸಿಗತಿತ್ತು?" ಅವಳು ಡಪ್ಪಿನ ಅಂಚಿನಿಂದ ಬೆರಳು ತೆಗೆದಳು. "ಆದ್ರ ಪದದಾಗ ಮುದುಕಿ ಅಂತ ಐತಿ. ಆ ಮಂದಿ ಮುಂದ, ನನ್ನ ನೋಡಾಕ ನಿಮ್ಮನ್ನ ಹಿಂದ ನಿಲ್ಲ ಅಂದ ಮಂದಿ ಮುಂದ, ನಾ ನಿಮಗ ಮುದುಕಿ ಅನ್ಲಿ? ನನ್ನ ಬಾಯಿಲೆ?"

ಶಾಲು ಮೈಮೇಲೆ ಬಿಸಿಯಾಗಿ ಚುಚ್ಚುತ್ತಿತ್ತು. ಅಂದಿನ ಗೆಲುವು ಅವಳು ಕೊಟ್ಟದ್ದು. ಅದೂ ನನ್ನ ಮೇಲಿನ ಕರುಣೆಯಿಂದ. ಕರುಣೆ ಅಂದರೆ ಮೈ ಉರಿಯುವ ಜಾತಿ ನಾನು. ಆದರೂ ಅವಳನ್ನು ಬೈಯಲು ಆಗಲಿಲ್ಲ. ಚೀಲದಿಂದ ಕಲ್ಗಿ ತೆಗೆದು ಅವಳ ಮಡಿಲಿಗೆ ಹಾಕಿದೆ. ಅವಳು ತಿರುಗಿ ನನ್ನ ಮಡಿಲಿಗೇ ಹಾಕಿದಳು.

"ಕೊಟ್ಟ ಕಲ್ಗಿ ಹಂಗ ತಗೋಬಾರದು. ನೀವ ಕಲಿಸಿದ್ದು. ಶೇಡಬಾಳದಾಗ ಗೆದ್ದ ತಗೋತೀನಿ."

"ಹಂಗಾದ್ರ ಶೇಡಬಾಳದಾಗ ನಾ ಮತ್ತ ಅದನ್ನ ಹಾಡ್ತೀನಿ. ಆವಾಗ ನನ್ನ ಕೈ ಹಿಡದ ನಡುವ ನಿಲ್ಲಿಸು. ಮುದುಕಿ ಅನ್ನು. ಜೋರಾಗಿ ಅನ್ನು."

"ಅನ್ನಾಕ ಆಗೂದಿಲ್ಲ ಮಾವಶಿ."

ಈಗ ನನ್ನ ಅಂಗಳದಲ್ಲಿ ಮತ್ತೆ ತಾಲೀಮು ನಡೆದಿದೆ. ಕಾಕಾ ಬರುತ್ತಿಲ್ಲ. ಮನೆಯಲ್ಲಿದ್ದ ಹಳೆಯ ತುಂತುಣಿಯ ತಂತಿಯನ್ನು ನಾನೇ ಎರಡು ಮಟ್ಟಕ್ಕೂ ಇಡುತ್ತೇನೆ, ಒಮ್ಮೆ ಅವಳದು, ಒಮ್ಮೆ ನನ್ನದು. ಸವಾಲು ಹಾಕುತ್ತೇನೆ. ಅವಳು ಡಪ್ಪು ನಿಲ್ಲಿಸಿ, ಬಂದು ನನ್ನ ಕೈ ಹಿಡಿದು ಅಂಗಳದ ನಡುವೆ ನಿಲ್ಲಿಸುತ್ತಾಳೆ. 'ಉದುರಿದ ಹೂವಿನ ಜಾಗಾಕ ಬಂದ ಹಣ್ಣ' ಎಂಬಲ್ಲಿಯವರೆಗೆ ದನಿ ಗಂಟೆಯಂತಿರುತ್ತದೆ. ಎರಡನೆಯ ಸಾಲಿನ 'ಮುದುಕಿ'ಗೆ ಬಂದೊಡನೆ ನಿಲ್ಲುತ್ತಾಳೆ.

ನಿನ್ನೆ ಸಿಟ್ಟು ಬಂದು, "ಏನ್ ಮಹಾ ಮಾತ ಅದು? ಇಲ್ಲಿ ಕೇಳ, ನಾನ ಹಾಡಿ ತೋರಸ್ತೀನಿ" ಎಂದು ಅವಳ ಕೈಯಿಂದ ನಾಗೇಶಿಯ ಡಪ್ಪು ಕಸಿದುಕೊಂಡೆ. ಎಷ್ಟು ಊರುಗಳಲ್ಲಿ, ಎಷ್ಟು ಅಜ್ಜಿಯರ ಕೈ ಹಿಡಿದು ಹಾಡಿದ ಸಾಲು. ಡಪ್ಪಿಗೆ ಪೆಟ್ಟು ಕೊಟ್ಟೆ, ಬಡಿದ ಕೈಯನ್ನು ನನ್ನ ಎದೆಯ ಮೇಲಿಟ್ಟುಕೊಂಡೆ, ಮೊದಲ ಸಾಲು ಹಾಡಿದೆ. ಹುಡುಗಿ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಎರಡನೆಯ ಸಾಲಿನ ಮೊದಲ ಮಾತು ನನಗೂ ಬರಲಿಲ್ಲ.